ಅಂದಾನಪ್ಪ ಮಾಸ್ತರ ಕೊನೆಯ ಆಸೆ

ಸನ್ ೧೯೮೧ರ ಫೆಬ್ರುವರಿ ಮೂರನೆಯ ವಾರ, ಕಮತಗಿಯ ನಮ್ಮ ಓಣಿಯ ಹಿರಿಯರೆಲ್ಲ ಕೂಡಿ ಒಂದು ಗಹನವಾದ ಪ್ರಶ್ನೆಯನ್ನು ಎರಡು ತಾಸು ಚರ್ಚಿಸಿದರು. ಅಮೀನಗಡದಿಂದ ತರಿಸುವ ಕರದಂಟಿನಲ್ಲಿ ಉತ್ತತ್ತಿ ಹೆಚ್ಚಿರಬೇಕೋ, ಅಂಟು ಹೆಚ್ಚಿರಬೇಕೋ ಎಂಬುದೇ ಆ ಪ್ರಶ್ನೆ. ಎರಡೂ ಪಕ್ಷಕ್ಕೆ ವಾದಿಗಳಿದ್ದರು, ಸಾಕ್ಷಿಗಳಿದ್ದರು, ನಡುವೆ ಮೂರು ಸಲ ಚಹಾ ಆಯಿತು. ಊರಿನ ನೀರಿನ ಟಾಕಿ ಎಲ್ಲಿ ಕಟ್ಟಬೇಕೆಂದು ಕರೆದ ಸಭೆಗೂ ಇಷ್ಟು ಜನ ಬಂದಿರಲಿಲ್ಲ.

ಆ ಕರದಂಟನ್ನು ತಿನ್ನಬೇಕಾಗಿದ್ದವರು ಅಂದಾನಪ್ಪ ಮಾಸ್ತರು. ಅವರು ಅದೇ ಪಡಸಾಲೆಯಲ್ಲಿ, ಚರ್ಚೆಯಿಂದ ನಾಲ್ಕು ಮೊಳ ದೂರದಲ್ಲಿ ಹೊರಸಿನ ಮೇಲೆ ಮಲಗಿದ್ದರು. ಗಂಟಲಲ್ಲಿ ಕ್ಯಾನ್ಸರ್. ಹತ್ತಿಯನ್ನು ಅದ್ದಿ ಹನಿ ಹನಿಯಾಗಿ ಹಿಂಡಿದ ನೀರು ಬಿಟ್ಟರೆ ಬೇರೇನೂ ಒಳಗೆ ಇಳಿಯುತ್ತಿರಲಿಲ್ಲ.

ಮೂವತ್ತು ವರ್ಷ ಊರಿನ ಕನ್ನಡ ಸಾಲೆಯಲ್ಲಿ ಪಾಠ ಹೇಳಿದ ಮನುಷ್ಯ. ದೀಪಾವಳಿಯ ಹೊತ್ತಿಗೆ ದನಿ ಹೋಯಿತು. ಸಂಕ್ರಮಣದ ಹೊತ್ತಿಗೆ ದೊಡ್ಡ ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ದನಿ ಹೋದಾಗಿನಿಂದ ಮಾಸ್ತರು ಪಾಟಿಯ ಮೇಲೆ ಬಳಪದಿಂದ ಬರೆದು ಮಾತಾಡುತ್ತಿದ್ದರು. ಕುತ್ತಿಗೆಯ ಬಲಗಡೆ ಗಂಟು ಒಡೆದು ಸೋರುತ್ತಿತ್ತು. ಹೆಂಡತಿ ಸಂಗವ್ವ ದಿನಕ್ಕೆ ಆರು ಸಲ ಒರೆಸಿ ಅರಿವೆ ಬದಲಿಸುತ್ತಿದ್ದಳು. ಮಕ್ಕಳಿರಲಿಲ್ಲ. ನನ್ನ ಮನೆಗೂ ಅವರ ಮನೆಗೂ ಒಂದೇ ಗೋಡೆ. ದನಿ ಇಲ್ಲದವನು ನರಳಿದರೆ ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಆ ಗೋಡೆಯಿಂದ. ಹರಿದ ತಿದಿಯನ್ನು ಒತ್ತಿದ ಹಾಗೆ ಬರೀ ಗಾಳಿಯ ಸಪ್ಪಳ.

ಕರದಂಟಿನ ಮಾತು ಎತ್ತಿದವಳು ಮಾಸ್ತರ ಅಕ್ಕ ಗುರುಲಿಂಗವ್ವ. ತಮ್ಮನ ಕೊನೆಗಾಲಕ್ಕೆಂದು ಇಳಕಲ್ಲಿನಿಂದ ಬಂದು ಹತ್ತು ದಿನವಾಗಿತ್ತು. ಕೊನೆಗಾಲ ತಡಮಾಡಿದ್ದಕ್ಕೆ ಅವಳಿಗೆ ಸ್ವಲ್ಪ ಸಿಟ್ಟೂ ಇತ್ತು.

“ಜೀವ ಎದರಾಗೋ ಸಿಕ್ಕೊಂಡೈತಿ,” ಎಂದಳು. “ಏನೋ ಒಂದು ಆಸೆ ಉಳದೈತಿ. ಅದನ್ನ ಬಾಯಿಗಿ ಹಚ್ಚಿದ್ರ ತಾನ ಬಿಡುಗಡಿ ಆಗ್ತೈತಿ.”

“ಅಕ್ಕಾರ, ಆಸೆ ಏನಂತ ಅವರ ಬರದಾರಲ್ರಿ,” ಎಂದು ಸಂಗವ್ವ ಪಾಟಿ ಎತ್ತಿ ಹಿಡಿದಳು.

ಮಾಸ್ತರ ದುಂಡು ಅಕ್ಷರದಲ್ಲಿ ಹೀಗಿತ್ತು: ‘ಸಾಕು. ನಜೀರನಿಗೆ ಹೇಳು. ಒಂದೇ ಸಲಕ್ಕೆ ಮಲಗಿಸಲಿ.’

ಯಾರೋ ಚಹಾದ ಬಟ್ಟಲನ್ನು ಕೆಳಗಿಟ್ಟರು.

“ಅದು ಜಡ್ಡು ಬರಸೂದವ್ವಾ, ನನ್ನ ತಮ್ಮ ಬರದದ್ದಲ್ಲ,” ಎಂದಳು ಗುರುಲಿಂಗವ್ವ. “ಸಣ್ಣಾಂವ ಇದ್ದಾಗ ಕರದಂಟಂದ್ರ ಜೀವಾ ಬಿಡ್ತಿದ್ದ.”

ಹೀಗೆ, ಏನು ಬೇಕೆಂದು ಬರೆದು ಕೊಟ್ಟವನ ತಲೆಯ ಹತ್ತಿರ ಕುಳಿತು ಅವನಿಗೆ ಏನು ಬೇಕಿರಬಹುದೆಂದು ಹುಡುಕುವ ಕೆಲಸ ಶುರುವಾಯಿತು. ಸಂಜೆಯ ಬಸ್ಸಿಗೆ ಕರದಂಟು ಬಂತು. ಗುರುಲಿಂಗವ್ವ ಒಂದು ತುಂಡು ಕುಟ್ಟಿ, ಹಾಲಿನಲ್ಲಿ ಕಲಸಿ, ತನ್ನ ನಾಲಗೆಯಿಂದ ರುಚಿ ನೋಡಿ, ಅದೇ ಚಮಚವನ್ನು ತಮ್ಮನ ಬಾಯಿಗೆ ಇಟ್ಟಳು. ಅದು ಮೂಗಿನಿಂದ ಹೊರಗೆ ಬಂತು. ಮಾಸ್ತರು ಅರ್ಧ ತಾಸು ಕೆಮ್ಮಿದರು. ಉಳಿದ ಕರದಂಟನ್ನು ಬಂದವರು ತಿಂದರು. ಉತ್ತತ್ತಿ ಹೆಚ್ಚಿರುವುದೇ ಒಳ್ಳೆಯದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ನಜೀರಸಾಬ ನಮ್ಮ ಊರಿನ ಖಾಸಗಿ ಡಾಕ್ಟರ ಹತ್ತಿರ ಕಂಪೌಂಡರ. ಮಾಸ್ತರ ಶಿಷ್ಯ. ಡಾಕ್ಟರು ಬರೆದುಕೊಟ್ಟ ನೋವಿನ ಸೂಜಿಯನ್ನು ಮುಂಜಾನೆ ಒಂದು, ಸಂಜೆ ಒಂದು ಕೊಟ್ಟು ಹೋಗುತ್ತಿದ್ದ. ಒಂದು ಸೂಜಿಗೆ ಮೂರು ತಾಸು ನಿದ್ದೆ. ಮರುದಿನ ಮುಂಜಾನೆ ಹಿತ್ತಿಲಲ್ಲಿ ಕೈ ತೊಳೆಯಲು ಬಂದವನನ್ನು ಸಂಗವ್ವ ನಿಲ್ಲಿಸಿದಳು.

“ಪಾಟಿ ಮ್ಯಾಲ ಬರದದ್ದು ನೋಡಿದೇನಪಾ?”

“ನೋಡೇನ್ರಿ ಅವ್ವಾರ.”

“ಮತ್ತ?”

“ನನಗ ಓದಾಕ ಕಲಿಸಿದವರ ಅವರು. ಓದಿಲ್ಲ ಅಂತ ಹೆಂಗ ಹೇಳ್ಲಿ?” ನಜೀರಸಾಬ ಒದ್ದೆ ಕೈಯನ್ನು ಅಂಗಿಗೇ ಒರೆಸಿಕೊಂಡ. “ಆದ್ರ ನನಗ ನಾಕು ಮಕ್ಳದಾವ್ರಿ. ನಾಳೆ ಪೊಲೀಸ್ರು ಬಂದ್ರ ನನ್ನ ಹಿಂದ ಯಾರೂ ನಿಲ್ಲೂದಿಲ್ಲ.”

“ನಾ ನಿಲ್ತೇನಿ. ನಾನ ಕೊಟ್ಟೆ ಅಂತ ಹೇಳ್ತೇನಿ. ನೀ ಔಷಧ ಇಟ್ಟು ಹೋಗು, ಸಾಕು.”

ಅವನು ಸೂಜಿಯ ಚೀಲವನ್ನು ಎತ್ತಿಕೊಂಡ, ಕೆಳಗಿಟ್ಟ, ಮತ್ತೆ ಎತ್ತಿಕೊಂಡು ಹೋದ. ಬಚ್ಚಲ ಗೋಡೆಯ ಆಚೆ ಗುರುಲಿಂಗವ್ವ ಮುಖ ತೊಳೆಯುತ್ತಿದ್ದಳು. ಅವಳ ಕಿವಿ ಬಹಳ ಚುರುಕು. ಅಂದೇ ಮಧ್ಯಾಹ್ನ ಹುನಗುಂದಕ್ಕೆ ಆಳು ಹೋದ, ಬುಧವಾರ ಮುಂಜಾನೆ ಮೊದಲ ಬಸ್ಸಿಗೆ ಮಲಕಪ್ಪ ಬಂದಿಳಿದ.

ಮಲಕಪ್ಪ ಎಂದರೆ ಮಾಸ್ತರ ತಮ್ಮ, ಹುನಗುಂದ ಕೋರ್ಟಿನಲ್ಲಿ ವಕೀಲ. ಅಣ್ಣನ ಕಾಲ ಹತ್ತಿರ ಕುರ್ಚಿ ಹಾಕಿಸಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಕುಳಿತ. ವಾಸನೆ ಇದ್ದದ್ದು ನಿಜ. ಆದರೆ ಮಾಸ್ತರ ಕಣ್ಣು ಆ ಕರವಸ್ತ್ರದ ಮೇಲೇ ಇತ್ತು. ಮಲಕಪ್ಪ ಅತ್ತಿಗೆಯ ಕಡೆ ತಿರುಗಿದ.

“ವೈನಿ, ಕಾಯ್ದೆ ಭಾಳ ಸ್ಪಷ್ಟ ಐತಿ. ಬೇಕಂತ ಹೆಚ್ಚಿಗಿ ಸೂಜಿ ಕೊಟ್ಟು ಜೀವಾ ತಗದ್ರ ಅದು ಖೂನಿ. ಅಣ್ಣ ಒಪ್ಪಿಗಿ ಕೊಟ್ಟಿದ್ದ ಅಂತ ಪಾಟಿ ತೋರಿಸಿದ್ರ ಮುನ್ನೂರಾ ಎರಡನೇ ಕಲಮು ಹೋಗಿ ಮುನ್ನೂರಾ ನಾಕು ಆದೀತು. ಗಲ್ಲು ತಪ್ಪತೈತಿ, ಜೇಲು ತಪ್ಪೂದಿಲ್ಲ.”

“ಎಷ್ಟು ವರ್ಷ?”

“ಹತ್ತು ಆಗಬಹುದು. ಜನ್ಮಪೂರ್ತಿನೂ ಆಗಬಹುದು.”

“ಆಗ್ಲಿ. ನಾ ಹೋಗ್ತೇನಿ.”

ಕಕ್ಷಿದಾರರು ಹೀಗೆ ಮಾತಾಡಿದ್ದನ್ನು ಮಲಕಪ್ಪ ಕೇಳಿರಲಿಲ್ಲ. ಕರವಸ್ತ್ರ ಇಳಿಸಿದ.

“ಹೋಗ್ತೇನಿ ಅಂದ್ರ ಹೆಂಗ ವೈನಿ? ಮನೆತನದ ಮರ್ಯಾದಿ? ‘ನೋಡ್ರಿ, ಇವನ ವೈನಿ ಗಂಡನ್ನ ಕೊಂದಾಕಿ’ ಅಂತ ಬಾರ್ ರೂಮಿನ್ಯಾಗ ನಗೂದಿಲ್ಲೇನು?”

“ನಿಮ್ಮ ಅಣ್ಣಗ ನೋವಾಗಾಕ ಹತ್ತೈತೋ ತಮ್ಮಾ.”

“ನೋವು ಗುನ್ನೆ ಅಲ್ಲ ವೈನಿ.” ಆ ವಾಕ್ಯ ಅವನಿಗೇ ಹಿಡಿಸಿತು. ನಮ್ಮೆಲ್ಲರ ಕಡೆ ತಿರುಗಿ ಇನ್ನೊಮ್ಮೆ ಹೇಳಿದ.

ಮಾಸ್ತರು ಬಳಪ ಹಿಡಿದರು. ಬರೆಯಲು ಬಹಳ ಹೊತ್ತು ಹಿಡಿಯಿತು. ‘ಮಲಕಾ, ನನ್ನನ್ನು ಕೇಳು.’

“ಅಣ್ಣಾ, ನೀ ಆರಾಮ ಮಲಕೊ. ಇವು ಕಾಯ್ದೆ ಮಾತು, ನಿನಗ ತಿಳಿಯೂದಿಲ್ಲ,” ಎಂದು ಮಲಕಪ್ಪ ಪಾಟಿಯನ್ನು ಮೆಲ್ಲಗೆ ಬಿಡಿಸಿಕೊಂಡು ಗೋಡೆಯ ಮೇಲಿನ ಮಾಡದಲ್ಲಿ ಇಟ್ಟ. “ಬರದೂ ಬರದು ದಣಿತಾನ. ಇನ್ನ ಕೊಡಬ್ಯಾಡ್ರಿ.”

ಮನೆಗೆ ಪೂಜೆಗೆ ಬರುವ ಅಯ್ಯನವರಾದ ಬಸಯ್ಯನವರ ಅಭಿಪ್ರಾಯವನ್ನೂ ಕೇಳಲಾಯಿತು. “ಲಿಂಗದೇವ ಕೊಟ್ಟದ್ದನ್ನ ಲಿಂಗದೇವನ ತಗೋಬೇಕು. ನಡುವ ನಾವು ಕೈ ಹಚ್ಚಿದ್ರ ಪಾಪ,” ಎಂದರು ಅವರು. ಆಮೇಲೆ ಅಡಿಗೆಮನೆಯ ಕಡೆ ಮುಖ ಮಾಡಿ, “ತಂಗೀ, ನನ್ನ ಚಹಾಕ್ಕ ಸಕ್ರಿ ಕಡಿಮಿ ಹಾಕವ್ವಾ, ಡಾಕ್ಟರ್ ಬ್ಯಾಡಂದಾರ,” ಎಂದರು.

“ಲಿಂಗದೇವ ಕೊಟ್ಟ ಮಧುಮೇಹಕ್ಕ ಡಾಕ್ಟರ್ ಯಾಕ್ರಿ ಅಯ್ಯಾರ?” ಎಂದಳು ಸಂಗವ್ವ. ಯಾರೂ ನಗಲಿಲ್ಲ. ತಲೆ ಕೆಟ್ಟ ಹೆಂಗಸಿನ ಮಾತಿಗೆ ಯಾರು ನಗುತ್ತಾರೆ?

ನಿರ್ಣಯ ಹೀಗಾಯಿತು. ಯಾವ ಸೂಜಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಮನೆಯವರಿಗೆ ತಿಳಿಯುವುದಿಲ್ಲ. ಆದ್ದರಿಂದ ಸೂಜಿಯೇ ಬೇಡ. ಮಲಕಪ್ಪ ಡಾಕ್ಟರನ್ನು ಕಂಡು ಎರಡು ಕಲಮು ಓದಿ ಹೇಳಿದ. ಡಾಕ್ಟರು ಕಾಯ್ದೆಗೆ ಅಂಜುವ ಸಜ್ಜನರು, ಒಪ್ಪಿದರು. ಅಂದು ಸಂಜೆ ನಜೀರಸಾಬ ಬಾಗಿಲಿಗೆ ಬಂದಾಗ ಗುರುಲಿಂಗವ್ವ ಹೊಸ್ತಿಲ ಮೇಲೆ ನಿಂತು, “ಇನ್ನ ಬರಬ್ಯಾಡಪಾ. ಎಲ್ಲಾ ಚಲೋ ಆಗೈತಿ,” ಎಂದಳು. ಒಳಗಿನಿಂದ ಆ ಗಾಳಿಯ ಸಪ್ಪಳ ಬರುತ್ತಿತ್ತು. ಅವನು ಚೀಲವನ್ನು ಎದೆಗೆ ಹಿಡಿದುಕೊಂಡು ಎರಡು ನಿಮಿಷ ನಿಂತ, ಹೋದ.

ಗುರುವಾರ, ಶುಕ್ರವಾರ, ಶನಿವಾರ ಮಾಸ್ತರಿಗೆ ನಿದ್ದೆಯಿಲ್ಲ. ಕೌದಿಯ ಅಂಚನ್ನು ಕಡಿದು ಕಡಿದು ದಾರ ಬಿಡಿಸಿದರು. ಕಾಣಲು ಬಂದವರು ಎರಡು ನಿಮಿಷ ಚ್ಚು ಚ್ಚು ಎಂದು ಹೊರಗಿನ ಕಟ್ಟೆಯ ಮೇಲೆ ಕುಳಿತು ಶೇಂಗಾದ ಧಾರಣೆ ಮಾತಾಡಿದರು.

ನಮ್ಮಲ್ಲಿ ಹೆಣವನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಜೀವ ಹೋದ ಕೂಡಲೇ, ಕೈಕಾಲು ಸೆಟೆಯುವ ಮೊದಲು, ಗೋಡೆಗೆ ಆನಿಸಿ ಕೂಡಿಸುವುದು ಪದ್ಧತಿ. ಗುರುಲಿಂಗವ್ವ ಮಾಡಿದ್ದು ಪದ್ಧತಿಯಲ್ಲ, ಮುಂಜಾಗ್ರತೆ.

“ಇಳಕಲ್ಲಾಗ ನಮ್ಮ ಮಾವ ಹೋದಾಗ ಯಾರೂ ನೋಡ್ಲಿಲ್ಲ. ಮುಂಜಾನಿ ಎದ್ದು ನೋಡಿದ್ರ ಕಟಗಿ ಆಗಿದ್ದ. ಮೊಣಕಾಲು ಮಡಸಾಕ ನಾಕು ಮಂದಿ ಬೇಕಾದ್ರು. ನನ್ನ ತಮ್ಮಗ ಹಂಗಾಗೂದು ಬ್ಯಾಡ.”

ಶನಿವಾರ ಸಂಜೆ ಜೀವಂತ ಮನುಷ್ಯನನ್ನು ಹೊರಸಿನಿಂದ ಇಳಿಸಿ, ಚಕ್ಕಳಮಕ್ಕಳ ಹಾಕಿಸಿ, ಕಂಕುಳ ಕೆಳಗೆ ಧೋತರ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದರು. ತಲೆ ಎದೆಯ ಮೇಲೆ ಬಿದ್ದಾಗಲೆಲ್ಲ ಕುತ್ತಿಗೆಯ ಗಂಟು ಒತ್ತಿ ಸೋರುತ್ತಿತ್ತು. ಸಂಗವ್ವ ಎರಡು ಸಲ ಧೋತರದ ಕಟ್ಟು ಬಿಚ್ಚಿ ಮಲಗಿಸಿದಳು. ಮೂರನೆಯ ಸಲ ಇಬ್ಬರು ಹೆಂಗಸರು ಅವಳ ರಟ್ಟೆ ಹಿಡಿದು ಅಡಿಗೆಮನೆಯಲ್ಲಿ ಕೂಡಿಸಿ, ಮರುದಿನದ ತನಕ ಕಾವಲು ಕುಳಿತರು.

ರವಿವಾರ ಮುಂಜಾನೆ ಬಂಗಾರದ ಉಂಗುರ ತೇಯ್ದ ನೀರು ಹಾಕಿ ನೋಡಿದರು. ಹೊಲದ ಮಣ್ಣು ಕದಡಿದ ನೀರು ಹಾಕಿ ನೋಡಿದರು. ಅರ್ಧ ಹೊರಗೆ ಬಂತು, ಅರ್ಧ ಎಲ್ಲಿಗೆ ಹೋಯಿತೋ. ಕೊನೆಗೆ ಗುರುಲಿಂಗವ್ವ ಸೋತು ಹೇಳಿದಳು: “ಯಾರ ಋಣ ಉಳದೈತೋ ಯಾರಿಗ್ಗೊತ್ತು. ಓಣಿ ಮಂದಿ ಎಲ್ಲಾರೂ ಒಂದೊಂದು ಚಮಚ ಹಾಲು ಹಾಕಿಬಿಡ್ರಿ.”

ಅಂಗಳದ ತನಕ ಸಾಲು ನಿಂತಿತು. ಒಂದೇ ಚಮಚ, ಬೆಳ್ಳಿಯದು. ಯಾರೂ ತೊಳೆಯುತ್ತಿರಲಿಲ್ಲ. ಹಾಕಿದವರು ಅದರ ತುದಿಯನ್ನು ಮಾಸ್ತರ ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿ ಹಿಂದಿನವರಿಗೆ ಕೊಡುತ್ತಿದ್ದರು.

“ಸೊಸಾಯಿಟಿ ಸಕ್ರಿಗಿ ನಿಂತ್ಹಂಗ ನಿಂತೀಯಲ್ಲಲೇ, ಸರಿ ಮುಂದ.”

“ಹಾಕ್ತೇನಿ ತಡೀಲೇ. ಎರಡು ವರ್ಷ ನಪಾಸ್ ಮಾಡ್ಯಾರ ನನ್ನ, ನನ್ನ ಋಣ ದೊಡ್ಡದೈತಿ.”

ಸಾಲಿನಲ್ಲಿ ನಗೆ ಹಬ್ಬಿತು. ನಾನು ಮಲಕಪ್ಪನ ಹತ್ತಿರ ಬಂದಾಗ ಮೆಲ್ಲಗೆ ಕೇಳಿದೆ: “ವಕೀಲ್ರ, ನುಂಗಾಕ ಬಾರದವರ ಬಾಯಾಗ ಇಷ್ಟು ಹಾಲು ಹಾಕೂದು ಕಾಯ್ದೆಕ್ಕ ಸರಿ ಏನ್ರಿ?”

“ಹಾಲು ಹಾಕೂದು ಯಾವ ಕಲಮಿನ್ಯಾಗ ಬರ್ತೈತ್ರಿ? ಉದ್ದೇಶ ನೋಡಬೇಕು, ಉದ್ದೇಶ,” ಎಂದ ಅವನು. “ಪ್ರೀತಿಲೆ ಹಾಕಾಕ ಹತ್ತಾರ.”

ಮಾಸ್ತರಿಗೆ ಎಚ್ಚರವಿತ್ತು. ಪಾಟಿ ಇಲ್ಲದ್ದರಿಂದ ಬಲಗೈ ಬೆರಳಿನಿಂದ ತಮ್ಮ ತೊಡೆಯ ಮೇಲೆ ಬರೆಯುತ್ತಿದ್ದರು. ಬರೆದದ್ದನ್ನೇ ಮತ್ತೆ ಮತ್ತೆ. ಎರಡೇ ಅಕ್ಷರ, ಪಾಟಿಯ ಮೇಲೆ ಮೊದಲು ಬರೆದವೇ. ಎದುರಿಗೆ ನಿಂತವರಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಆದರೂ ಓದಲು ಕಷ್ಟವಿರಲಿಲ್ಲ. ಸಾಲಿನಲ್ಲಿ ನಾನು ಹತ್ತೊಂಬತ್ತನೆಯವನು. ಹಿಂದಿನವರು ನೂಕುತ್ತಿದ್ದರು. ನಾನೂ ಒಂದು ಚಮಚ ಹಾಕಿದೆ.

ಇಪ್ಪತ್ತಾರನೆಯ ಚಮಚಕ್ಕೆ ಮೂಗಿನಲ್ಲಿ ಹಾಲಿನ ಗುಳ್ಳೆ ಬಂದವು. “ನುಂಗಿದ, ನುಂಗಿದ!” ಎಂದು ಯಾರೋ ಕೂಗಿದರು. ಎದೆಯಲ್ಲಿ ಗೊರಗೊರ ಎಂದಿತು. ಧೋತರದ ಕಟ್ಟಿನಲ್ಲಿ ಮೈ ನಾಲ್ಕೈದು ಸಲ ಜಗ್ಗಿತು, ಮುಖ ನೀಲಿಯಾಯಿತು. ಕಿಟಕಿಯ ಸರಳು ಗಟ್ಟಿಯಿತ್ತು. ಹಾಲಿನ ಪಾತ್ರೆ ಹಿಡಿದಿದ್ದವಳು ಇನ್ನೊಂದು ಚಮಚ ತುಂಬಿ ಕೊಟ್ಟಳು, ಅದನ್ನೂ ಹಾಕಿದರು.

ರಟ್ಟೆ ಹಿಡಿದವರು ಬಿಟ್ಟ ಮೇಲೆ ಸಂಗವ್ವ ಹೊರಗೆ ಬಂದಳು. ಗಂಡನನ್ನು ನೋಡಿದಳು, ಸಾಲನ್ನು ನೋಡಿದಳು.

“ಆತೇನ್ರಿ ಎಲ್ಲಾರದೂ? ಇನ್ನ ಯಾರರ ಉಳದೀರೇನು?”

ಬಸಯ್ಯನವರು ವಿಭೂತಿ ತರಿಸಿದರು. ಕೂಡಿಸುವ ಕೆಲಸ ಇರಲಿಲ್ಲ.

ಮೂರನೆಯ ದಿನ ಸಂಗವ್ವ ಒಬ್ಬಳೇ ಠಾಣೆಗೆ ಹೋಗಿ, ನನ್ನ ಗಂಡನನ್ನು ಓಣಿಯವರು ಕೊಂದರು ಎಂದು ಹೇಳಿದಳು. ಅಲ್ಲಿದ್ದವರು, ಯಾರಾದರೂ ಸೂಜಿ ಚುಚ್ಚಿದ್ದರೋ ಎಂದು ಕೇಳಿದರು. ಇಲ್ಲ ಎಂದಳು. ವಿಷ? ಇಲ್ಲ. ಮತ್ತೇನು ಎಂದರು. ಹಾಲು ಎಂದಳು. ಮನೆಗೆ ಹೋಗವ್ವಾ ಎಂದರು.

ಡಾಕ್ಟರು ಮರಣದ ಕಾರಣ ಗಂಟಲ ಕ್ಯಾನ್ಸರ್ ಎಂದು ಬರೆದರು. ನಜೀರಸಾಬನ ಹೆಸರು ಮಾತಿಗೆ ಬಂದಿದ್ದರಿಂದ ಅವನನ್ನು ಕೆಲಸದಿಂದ ಬಿಡಿಸಿದರು. ಯಾರ ಮೇಲೂ ಕೇಸು ಆಗಲಿಲ್ಲ.