ಮಡಿಯ ಹೊತ್ತಿಗೆ ಬಂದ ಒಟಿಪಿ

ನಮ್ಮವರ ಹೆಸರು ಮಧ್ವರಾಜ. ಬರೆಯುವುದಕ್ಕೇನೂ ದೋಷವಿಲ್ಲ, ಬಾಯಿಬಿಟ್ಟು ಹೇಳಲಾರೆ ಅಷ್ಟೆ. ತ್ರಿಪ್ಲಿಕೇನಿನ ಮೆಸ್ಸೊಂದರಲ್ಲಿ ಇಪ್ಪತ್ತೆಂಟು ವರ್ಷ ಹುಳಿ ಕುದಿಸಿದವರು. ಮೆಸ್ಸು ಮುಚ್ಚಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಕೂತು ನನ್ನ ಹುಳಿಗೆ ಉಪ್ಪು ಕಡಿಮೆ ಅನ್ನುವ ಕೆಲಸ ಹಿಡಿದಿದ್ದರು.

ಪೆರುಂಗುಡಿಯ ಆಫೀಸೊಂದರ ಕ್ಯಾಂಟೀನಿಗೆ ಅಡುಗೆಯವರು ಬೇಕಂತೆ ಎಂದು ಕೇಳಿ, ಒಗೆದ ಪಂಚೆ ಉಟ್ಟು, ಎರಡು ಬಸ್ಸು ಬದಲಿಸಿ ಹೋದರು. ವಾಚ್‌ಮನ್ ಒಳಗೇ ಬಿಡಲಿಲ್ಲ. ಎಲ್ಲ ಆನ್‌ಲೈನಿನಲ್ಲೇ, ನಾಳೆಯೇ ಕೊನೆ ದಿನ ಎಂದು ಗೇಟಿಗೆ ಅಂಟಿಸಿದ್ದ ಚೀಟಿ ತೋರಿಸಿದನಂತೆ.

ನಮ್ಮದು ಬಟನ್ ಫೋನು. ಬ್ಯಾಟರಿ ಸತ್ತು, ಅಡುಗೆಮನೆ ಬಾಗಿಲ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದ್ದರೆ ಮಾತ್ರ ಅದಕ್ಕೆ ಜೀವ. ಮರುದಿನ ಬೆಳಿಗ್ಗೆ ಮೇಲಿನ ಮನೆಯ ಹರಿಪ್ರಿಯಾ ತನ್ನ ಫೋನಿನಲ್ಲಿ ಫಾರಂ ತುಂಬಿಕೊಡಲು ಒಪ್ಪಿದಳು. ಆದರೆ ಆ ಫೋನಿಗೆ ನೆಟ್ ಸಿಗುವುದು ತಾರಸಿಯ ಮೇಲೆ. ಫಾರಂ ಕೇಳುವ ಒಟಿಪಿ ಬರುವುದು ಕೆಳಗೆ, ನಮ್ಮ ಫೋನಿಗೆ. ನಮ್ಮವರು ಮಂಡಿನೋವಿನ ಕಾಲಲ್ಲಿ ಇಳಿದು, ಅಂಕಿ ಬರೆದುಕೊಂಡು, ಮತ್ತೆ ಹತ್ತುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಎರಡು ಸಲ ಹಾಗಾಯಿತು. ಮೂರನೆಯದೂ ತಪ್ಪಿದರೆ ಫಾರಂ ಮುಚ್ಚಿಹೋಗುತ್ತದೆ ಎಂದಳು ಹರಿಪ್ರಿಯಾ.

ನಾನು ಮಡಿಯಲ್ಲಿದ್ದೆ. ನೈವೇದ್ಯಕ್ಕೆ ಅನ್ನ ಬೇಯುತ್ತಿತ್ತು. ಮಡಿಯಲ್ಲಿ ಫೋನು ಮುಟ್ಟಿದವಳಲ್ಲ ನಾನು; ಅಣ್ಣ ಆಸ್ಪತ್ರೆಯಿಂದ ಕರೆ ಮಾಡಿದಾಗಲೂ ಹೊಡೆದುಕೊಳ್ಳಲಿ ಎಂದು ಬಿಟ್ಟವಳು. ಫೋನು ಟಿಣ್ ಎಂದಿತು. ತಾರಸಿಯಿಂದ ನಮ್ಮವರ ಕೂಗು ಕೇಳಿಸಿತು.

"ಭೀಮಾ, ಸೀಕ್ರಂ, ಬೇಗ ನೋಡಿ ಹೇಳೇ. ನಿನ್ನ ದಮ್ಮಯ್ಯ."

ಊರಿಗೆಲ್ಲ ಬಡಿಸಿದ ಮನುಷ್ಯ ಆರು ಅಂಕಿಗೆ ಅಂಗಲಾಚುತ್ತಿದ್ದರು. ಮುಟ್ಟಿಬಿಟ್ಟೆ. ಯಾರಿಗೂ ಹೇಳಬೇಡಿ ಎಂದು ಅದರಲ್ಲೇ ಬರೆದಿತ್ತು; ನಾನು ಕಿಟಕಿಗೆ ಬಾಯಿಟ್ಟು ಬೀದಿಗೆಲ್ಲ ಸಾರಿದೆ. ಎದುರುಮನೆಯ ಅಂಬುಜಮ್ಮ ಬರೆದುಕೊಂಡರೋ ಏನೋ. ಅಂತೂ ಫಾರಂ ಹೋಯಿತು. ನಾನು ಮತ್ತೆ ತಲೆಗೆ ನೀರು ಸುರಿದುಕೊಂಡು, ಬೆಂದ ಅನ್ನ ಬದಿಗಿಟ್ಟು, ಹೊಸದಾಗಿ ಅಕ್ಕಿ ತೊಳೆದೆ.

ಕ್ಯಾಂಟೀನಿನವರು ಮುಂದಿನ ವಾರ ಬರಹೇಳಿದರು. ನಮ್ಮವರು ಬೆಳಗಿನ ಜಾವವೇ ಎದ್ದು ಸಾರು ಮಾಡಿ, ಡಬ್ಬಿಗೆ ತುಂಬಿಕೊಂಡು ಹೋದರು. ಸಂಜೆ ಕೆಲಸದ ಕಾಗದ ಹಿಡಿದು ಬಂದರು. ನಾನು ಖುಷಿಗೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಅವರ ಮುಖ ಮಾತ್ರ ಸಪ್ಪಗಿತ್ತು. ಡಬ್ಬಿ ತೆರೆದರೆ ಸಾರು ಒಂದು ಚಮಚವೂ ಕಡಿಮೆಯಾಗಿರಲಿಲ್ಲ. ಬೇಕಾದವರು ಮೂವರು, ಫಾರಂ ಪೂರ್ತಿ ತುಂಬಿದವರೂ ಮೂವರೇ, ಇನ್ನು ರುಚಿ ಯಾಕೆ ನೋಡಬೇಕು ಎಂದರಂತೆ.

"ಕೆಲಸ ಸಿಕ್ಕಿದ್ದು ನಿನ್ನ ಮೈಲಿಗೆಗೆ ಕಣೇ," ಅಂದರು. "ನನ್ನ ಕೈರುಚಿಗಲ್ಲ."