ಮಾಣಿಕಮ್ಮ ಹೆಸರು ಹೇಳಿದ್ದು

“ಕಂಪನಿಗೆ ಮೂರು ಹೆಸರು ಕೊಡಬೇಕ್ರಿ. ಮೊದಲನೇದು ಬ್ಯಾರೆ ಯಾರರ ತಗೊಂಡಿದ್ರ ಬೆಂಗಳೂರ ಆಫೀಸಿನ್ಯಾಗ ಎರಡನೇದು ನೋಡ್ತಾರ,” ಎಂದು ಟೈಪಿಸ್ಟ್ ಅಬ್ದುಲ್ ಕರೀಂ ಫಾರ್ಮನ್ನು ಯಂತ್ರಕ್ಕೆ ಸಿಕ್ಕಿಸಿದ.

ಹುಮನಾಬಾದ್ ಬಸ್‌ಸ್ಟ್ಯಾಂಡಿನ ಎದುರಿನ ಆ ಅಂಗಡಿಯ ಬೆಂಚಿನ ಮೇಲೆ ಮಾಣಿಕಮ್ಮ ಸೆರಗು ಹೊದ್ದು ಕೂತಿದ್ದಳು. ಮಗ ಬಸವಣಪ್ಪ ಹಾಕಲಿರುವ ಬೇಳೆ ಮಿಲ್ಲಿನ ಕಂಪನಿಗೆ ಇಬ್ಬರೇ ಡೈರೆಕ್ಟರು, ಅವನು ಮತ್ತು ಅವಳು. ೧೯೮೩ರ ಆ ಸೋಮವಾರ ರುಜು ಮಾಡಿಸಲೆಂದು ಬೆಳಗಿನ ಬಸ್ಸಿಗೆ ಅವಳನ್ನು ಬಸವಕಲ್ಯಾಣದಿಂದ ಕರೆತಂದಿದ್ದ.

ಬಸವಣಪ್ಪ ಹೇಳಿದ ಮೂರೂ ದೇವರ ಹೆಸರುಗಳೇ. ಮಾಣಿಕಮ್ಮ ಕಾಯುತ್ತಿದ್ದ ಹೆಸರು ಅವುಗಳಲ್ಲಿರಲಿಲ್ಲ. ಮಿಲ್ಲು ಹಾಕಬೇಕೆಂದು ಬದುಕಿಡೀ ಹಂಬಲಿಸಿದ ಗಂಡ ತೀರಿ ಹನ್ನೊಂದು ವರ್ಷ. ತೊಗರಿ ಚೀಲ ಸುರಿಯುವ ಸಪ್ಪಳ ಕೇಳಿಯೇ ಕಾಳು ಒಣಗಿದೆಯೋ ಇಲ್ಲವೋ ಎಂದು ಅವರಿಗೆ ಹೇಳುತ್ತಿದ್ದವಳು ಅವಳು. ಅಂಥ ಕಿವಿ ಅವಳದು.

“ಇನ್ನೊಂದು ಹೆಸರಿಲ್ಲೇನೋ?”

“ಯಾವುದವ್ವ?”

“ಅದ... ಅವರದು.”

ಬಸವಣಪ್ಪ ನಕ್ಕ. “ಅಪ್ಪನ ಹೆಸರು ಇಡಬೇಕಂತ ನನಗೂ ಇತ್ತು. ಆದ್ರ ಬ್ಯಾಂಕಿನ ಸಾಹೇಬ್ರು ನಿನ್ನ ಕಂಪನಿ ಹೆಸರೇನು ಅಂತ ಕೇಳಿದ್ರ ಹ್ಯಾಂಗ ಹೇಳ್ತಿ? ‘ಇಂವನಪ್ಪ ಪ್ರೈವೇಟ್ ಲಿಮಿಟೆಡ್’ ಅಂತೀಯೇನು?”

ಕರೀಂ ನಗು ತಡೆದುಕೊಂಡ. ಮಾಣಿಕಮ್ಮ ನಗಲಿಲ್ಲ. ಗಂಡನ ಹೆಸರನ್ನು ಬಾಯಿತುಂಬ ಹೇಳಲು ಅವಳಿಗಿದ್ದ ದಾರಿ ಒಂದೇ, ಮದುವೆ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೇಳಿಸುವ, ಗಂಡನ ಹೆಸರು ಹೆಣೆದ ಪ್ರಾಸದ ಒಡಪು. ಹನ್ನೊಂದು ವರ್ಷಗಳಿಂದ ಯಾರೂ ಅವಳಿಗೆ ಅಡ್ಡ ನಿಂತಿರಲಿಲ್ಲ.

ಅವಳು ಎದ್ದಳು. ಗೋಡೆಯ ಕಡೆ ಮುಖ ಮಾಡಿ, ಹಳೆಯ ರಾಗದಲ್ಲೇ ಹೇಳಿದಳು:

“ಹೊಲದ ಬಾವ್ಯಾಗ ತಿಳಿನೀರು, ಮಹಾರುದ್ರಪ್ಪನೋರೇ ನನ್ನ ತವರು.”

ತಾಯಿಯ ಬಾಯಲ್ಲಿ ಆ ಹೆಸರನ್ನು ಎಂದೂ ಕೇಳಿರದ ಬಸವಣಪ್ಪ ತಲೆ ತಗ್ಗಿಸಿದ.

“ಬ್ಯಾರೆ ಫಾರ್ಮ್ ತಗೋ ಭಾಯ್,” ಎಂದ ಕೊನೆಗೆ. “ಮೊದಲನೇ ಸಾಲಿಗೆ ಅಪ್ಪಂದು ಹಾಕು.”

ಯಂತ್ರ ಬಹಳ ಹೊತ್ತು ಟಕಟಕಿಸಿತು. ಕರೀಂ ಹಾಳೆ ತೆಗೆದು ಓದಿದ. “ಮಹಾರುದ್ರಪ್ಪ ದಾಲ್ ಮಿಲ್ ಪ್ರೈವೇಟ್ ಲಿಮಿಟೆಡ್. ಬರೋಬರ್ ಅದ ಏನ್ರಿ, ಅಮ್ಮಾ?”

“ನನಗ ಕಿವಿ ಸರಿ ಕೇಳಾಂಗಿಲ್ಲಪ್ಪ. ಇನ್ನೊಮ್ಮೆ ಓದು.”

ಅವನು ಓದಿದ. ಹೊರಗೆ ಬಸವಕಲ್ಯಾಣದ ಬಸ್ಸು ಹಾರ್ನ್ ಹೊಡೆಯಿತು. ರುಜುವಿಗೆಂದು ಪೆನ್ನು ಹಿಡಿದ ಮಾಣಿಕಮ್ಮ, ಪೆನ್ನನ್ನು ಹಾಗೆಯೇ ಎತ್ತಿ ಹಿಡಿದು, ಅವನ ತುಟಿಗಳನ್ನೇ ನೋಡುತ್ತ ಕೂತಿದ್ದಳು.