ಮಜ್ಜಿಗೆಹುಲ್ಲಿನ ಚಟ್ಟಿಗಳು

ಚೈತನ್ಯಾ ಹಗಲೆಲ್ಲ ಮನೆಯೊಳಗೆ ಮಲಗಿರಲು ಒಪ್ಪಲಿಲ್ಲ. ಮದುವೆಗೆ ಮೊದಲಿನಿಂದಲೂ ಹೈಸ್ಕೂಲಿನ ಮೈದಾನದಲ್ಲಿ ಮಕ್ಕಳನ್ನು ಓಡಿಸುತ್ತಾ ಬಂದ ಪಿ.ಟಿ. ಟೀಚರು ಅವಳು. ಜೋರು ಮಳೆ ಬಂದರೂ ಸ್ಟಾಫ್ ರೂಮಿನಲ್ಲಿ ಕೂರದೆ ಜಗಲಿಯ ಕಂಬಕ್ಕೆ ಒರಗಿ, ಮಳೆ ಬಿಡುವುದನ್ನೇ ಕಾಯುತ್ತಿದ್ದವಳು. ಅಂಥವಳಿಗೆ ನಲವತ್ತು ದಾಟಿದ್ದೇ ಶ್ವಾಸಕೋಶ ಗಟ್ಟಿಯಾಗುತ್ತಾ ಬಂತು. ಮಂಗಳೂರಿನ ಡಾಕ್ಟರು ಕಾಯಿಲೆಗೊಂದು ಉದ್ದದ ಹೆಸರು ಹೇಳಿ, ಗಟ್ಟಿಯಾದದ್ದು ಇನ್ನು ಮೆತ್ತಗಾಗುವುದಿಲ್ಲ, ಮುಂದಿನದ್ದನ್ನು ಸ್ವಲ್ಪ ನಿಧಾನ ಮಾಡಬಹುದು ಅಷ್ಟೆ ಎಂದರು. ಆಮ್ಲಜನಕದ ಯಂತ್ರವೊಂದು ಪುತ್ತಿಗೆಯ ಅವರ ಮನೆಗೆ ಬಂತು.

"ನಾಲ್ಕು ಗೋಡೆ ನೋಡಿದರೇ ನನಗೆ ಉಸಿರು ಕಟ್ತದೆ. ಹೊರಗೆ ಕೂರಿಸಿ," ಎಂದಳು.

ಗಂಡ ದೇವಿಪ್ರಸಾದ್ ಅದೇ ಊರಿನ ಇನ್ನೊಂದು ಶಾಲೆಯಲ್ಲಿ ವಿಜ್ಞಾನದ ಮಾಸ್ಟ್ರು. ಯಂತ್ರವನ್ನು ಚಾವಡಿಯಲ್ಲಿಟ್ಟು, ಉದ್ದದ ಕೊಳವೆಯನ್ನು ಕಿಟಕಿಯಿಂದ ಹೊರಕ್ಕೆ ತಂದು, ಅಂಗಳದ ಮಾವಿನ ಮರದ ಕೆಳಗೆ ಅವಳಿಗೊಂದು ಒರಗುವ ಕುರ್ಚಿ ಹಾಕಿದ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಕತ್ತಲಾಗುವವರೆಗೆ ಅವಳು ಅಲ್ಲಿ ಕೂರುವಳು. ಕೆಳಗಿನ ಗದ್ದೆಯಿಂದ ಗಾಳಿ ಬರುತ್ತಿತ್ತು. ದಾರಿಯಲ್ಲಿ ಹೋಗುವ ಹಳೆಯ ವಿದ್ಯಾರ್ಥಿಗಳು ಬೈಕು ನಿಲ್ಲಿಸಿ ಮಾತಾಡಿಸುತ್ತಿದ್ದರು. ಅಷ್ಟು ಹೊತ್ತು ಅವಳ ಮುಖದಲ್ಲಿ ಹಳೆಯ ಚೈತನ್ಯಾ ಇರುತ್ತಿದ್ದಳು.

ಬೇಸಿಗೆ ಹೀಗೆ ಕಳೆಯಿತು. ಮಳೆ ಹಿಡಿದ ಮೇಲೂ ಮಳೆ ಬಿಟ್ಟ ಹೊತ್ತಿಗೆ ಅವಳು ಹೊರಗೇ ಕೂತಳು; ಆಗ ಸೊಳ್ಳೆ ಶುರುವಾಯಿತು.

ನೆರೆಮನೆಯ ಶೇಷಪ್ಪ ಒಂದು ಸಂಜೆ ಕಂಕುಳಲ್ಲಿ ನೆಕ್ಕಿ ಸೊಪ್ಪಿನ ಕಟ್ಟು, ಕೈಯಲ್ಲಿ ತೆಂಗಿನ ಸಿಪ್ಪೆ ಹಿಡಿದುಕೊಂಡು ಬಂದ. "ಮಾಸ್ಟ್ರೇ, ಇದರ ಹೊಗೆ ಹಾಕಿದರೆ ಸೊಳ್ಳೆ ಈ ಕಡೆ ತಲೆ ಹಾಕುದಿಲ್ಲ. ನಮ್ಮ ದನದ ಹಟ್ಟಿಯಲ್ಲಿ ದಿನಾ ಹಾಕ್ತೇವೆ."

"ಇವಳಿಗೆ ಹೊಗೆ ಆಗುದಿಲ್ಲ ಶೇಷಪ್ಪಣ್ಣ."

"ದೂರ ಹಾಕುವ ಮಾರಾಯ್ರೇ, ಬೇಲಿಯ ಹತ್ತಿರ. ಗಾಳಿ ಆ ಕಡೆಗೇ ಉಂಟು."

ಚೈತನ್ಯಾಳೂ ನೋಡುವ ಎಂದಳು. ಬೇಲಿಯ ಬದಿಯಲ್ಲಿ ಬೆಂಕಿ ಹಿಡಿಯಿತು, ಹೊಗೆ ಎದ್ದಿತು, ಸೊಳ್ಳೆ ನಿಜಕ್ಕೂ ಕಡಿಮೆಯಾಯಿತು. ಅಷ್ಟರಲ್ಲಿ ಗಾಳಿ ತಿರುಗಿತು. ಒಂದೇ ಒಂದು ಎಳೆ ಹೊಗೆ ಅವಳ ಮೂಗಿಗೆ ಹೋದದ್ದು. ಆಮೇಲೆ ಹಿಡಿದ ಕೆಮ್ಮಿಗೆ ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿ, ಕಣ್ಣು ಮೇಲಾಯಿತು. ಶೇಷಪ್ಪ ಕೊಡಪಾನದ ನೀರನ್ನು ಬೆಂಕಿಗೆ ಸುರಿದು, ತಲೆ ತಗ್ಗಿಸಿ ಮನೆಗೆ ಹೋದ. ಹೊಗೆಯ ಮಾತು ಅಂದಿಗೇ ಮುಗಿಯಿತು.

ದೇವಿಪ್ರಸಾದ್ ಸೋಲನ್ನು ಒಪ್ಪುವ ಪೈಕಿಯವನಲ್ಲ. ರಜೆಯ ದಿನವಿಡೀ ಮೊಬೈಲಿನಲ್ಲಿ ಮನೆಮದ್ದುಗಳ ವಿಡಿಯೋ ನೋಡಿದ. ತೆಂಗಿನೆಣ್ಣೆಯಲ್ಲಿ ಕರ್ಪೂರ ಕರಗಿಸಿ ಕೈಕಾಲಿಗೆ ಹಚ್ಚಿದ. ಕರ್ಪೂರದ ವಾಸನೆಗೇ ಕೆಮ್ಮು ಬಂತು. ಬೇವಿನೆಣ್ಣೆ ತಂದು ಹಚ್ಚಿದ. "ನನ್ನನ್ನು ಆಡಿನ ಆಸ್ಪತ್ರೆಗೆ ಸೇರಿಸಿದ ಹಾಗೆ ಉಂಟು," ಎಂದು ಅವಳು ಮೂಗು ಮುರಿದಳು. ಆ ಎಣ್ಣೆ ಸ್ವಲ್ಪ ಹೊತ್ತು ಕೆಲಸ ಮಾಡಿತು. ಬೆವರು ಬಂದದ್ದೇ ಸೊಳ್ಳೆ ಮತ್ತೆ ಕೂತವು. ನಿಂಬೆಹಣ್ಣನ್ನು ಸೀಳಿ ಲವಂಗ ಚುಚ್ಚಿ ಕುರ್ಚಿಯ ಸುತ್ತ ಇಟ್ಟಾಗ, ಸೊಳ್ಳೆಯೊಂದು ಬಂದು ಆ ನಿಂಬೆಯ ಮೇಲೆಯೇ ಕೂತಿತು. ಇಬ್ಬರೂ ನಕ್ಕರು. ನಗು ಕೆಮ್ಮಾಗುವ ಮೊದಲು ಅವಳು ತಡೆದುಕೊಂಡಳು. ಟೇಬಲ್ ಫ್ಯಾನಿನ ಗಾಳಿಗೆ ಅವಳ ಗಂಟಲು ಒಣಗುತ್ತಿತ್ತು. ಕೊನೆಗೆ ಮಾವಿನ ಕೊಂಬೆಯಿಂದ ಸೊಳ್ಳೆಪರದೆ ಇಳಿಬಿಟ್ಟ.

ಅವಳು ಒಳಗಿನಿಂದ ಬಿಳಿ ಬಟ್ಟೆಯನ್ನು ನೋಡಿದಳು. "ತೆಗೆಯಿರಿ. ಈಗಲೇ ಹೊದೆಸಿದ ಹಾಗೆ ಕಾಣ್ತದೆ."

ಅವನು ಬಿಚ್ಚಿದ.

ಆಮೇಲಿನದ್ದು ಗಿಡಗಳ ಉಪಾಯ. ಬೆಳುವಾಯಿಯ ನರ್ಸರಿಯಿಂದ ನಿಂಬೆವಾಸನೆಯ ಮಜ್ಜಿಗೆಹುಲ್ಲು, ಚೆಂಡುಹೂ, ತುಳಸಿಗಿಡಗಳ ಚಟ್ಟಿಗಳನ್ನು ರಿಕ್ಷಾದ ತುಂಬ ತಂದು ಕುರ್ಚಿಯ ಸುತ್ತ ಬಳಸಿಟ್ಟ. ಚಟ್ಟಿಯ ನೀರು ಹರಿದು ಅಂಗಳ ಕೆಸರಾದರೆ ಅವಳು ಜಾರಿಯಾಳು ಎಂದು ಪ್ರತಿಯೊಂದರ ಕೆಳಗೂ ಪ್ಲಾಸ್ಟಿಕ್ ತಟ್ಟೆ ಇಟ್ಟ. ಚೈತನ್ಯಾಳಿಗೆ ಅದು ಹಿಡಿಸಿತು. ಮಜ್ಜಿಗೆಹುಲ್ಲಿನ ಎಸಳನ್ನು ಬೆರಳಿನಲ್ಲಿ ಉಜ್ಜಿ ಮೂಸುವಳು. ಆ ವಾಸನೆ ಮಾತ್ರ ಅವಳ ಎದೆಗೆ ಒಗ್ಗಿತ್ತು.

"ಇವತ್ತು ಕಡಿಮೆ ಉಂಟಲ್ವಾ?" ಎಂದು ಅವನು ದಿನಾ ಕೇಳುವನು.

"ಉಂಟು, ಉಂಟು," ಎನ್ನುವಳು. ಸೊಳ್ಳೆಯೋ ಅವನ ಉತ್ಸಾಹವೋ, ಯಾವುದನ್ನು ನೋಡಿ ಹಾಗೆ ಹೇಳುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ. ಕೆಲವು ದಿನ ಸೊಳ್ಳೆ ನಿಜಕ್ಕೂ ಕಡಿಮೆಯೇ ಇತ್ತು. ಗಾಳಿ ಜೋರಿದ್ದುದರಿಂದಲೂ ಇರಬಹುದು. ಅವನಿಗೆ ಮಾತ್ರ ಬಹಳ ಕಾಲದ ನಂತರ ತಾನೊಂದು ಕೆಲಸ ಸರಿಯಾಗಿ ಮಾಡಿದೆ ಎನಿಸಿ, ಶಾಲೆಯಲ್ಲೂ ಆ ಗಿಡಗಳ ಸುದ್ದಿಯನ್ನೇ ಹೇಳಿದ.

ಆಟಿ ತಿಂಗಳ ಮಳೆ ಕಳೆದು ಬಿಸಿಲು ಕಾಣತೊಡಗಿದಾಗ ಚೈತನ್ಯಾಳಿಗೆ ಜ್ವರ ಬಂತು. ಮೊದಲ ದಿನ ಮೈಕೈ ನೋವು, ಮರುದಿನ ಕಣ್ಣಿನ ಹಿಂದೆ ಸಿಡಿತ. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ರಕ್ತ ನೋಡಿ ಡೆಂಗ್ಯೂ ಎಂದರು. ಆರೋಗ್ಯವಂತರಾದರೆ ಎದ್ದು ಬರುತ್ತಾರೆ, ಇವರ ಎದೆಯ ಸ್ಥಿತಿಗೆ ನಾವು ಏನೂ ಹೇಳುವ ಹಾಗಿಲ್ಲ ಎಂದು ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದರು. ಮುಂಡಾಜೆಯಿಂದ ಅವಳ ಅಕ್ಕ ಶಂಕರಿ ಓಡಿ ಬಂದು ಹಾಸಿಗೆಯ ಪಕ್ಕ ಕೂತಳು.

ಬಟ್ಟೆ ತರಲೆಂದು ಮನೆಗೆ ಬಂದ ದೇವಿಪ್ರಸಾದ್, ಗಿಡಗಳು ಬಾಡಿಯಾವು ಎಂದು ಚೆಂಬು ಹಿಡಿದು ಅಂಗಳಕ್ಕೆ ಇಳಿದ. ಚೆಂಡುಹೂವಿನ ಚಟ್ಟಿಯ ಬುಡದ ತಟ್ಟೆಯಲ್ಲಿ ತಿಳಿನೀರು ನಿಂತಿತ್ತು. ನೀರಿನಲ್ಲಿ ಏನೋ ಅಲುಗಿತು. ಬಗ್ಗಿ ನೋಡಿದ. ನೂಲಿನ ತುಣುಕಿನಂಥ ಹುಳಗಳು ಬಾಲ ಮೇಲೆ ಮಾಡಿ ತೂಗುತ್ತಿದ್ದವು, ಅವನ ನೆರಳು ಬಿದ್ದದ್ದೇ ಕೊಂಕಿ ಕೊಂಕಿ ತಳಕ್ಕಿಳಿದವು. ಪಕ್ಕದ ತಟ್ಟೆಯಲ್ಲೂ ಇದ್ದವು. ಅದರ ಪಕ್ಕದ್ದರಲ್ಲೂ. ಕಾಲಿಗೆ ಬಿಳಿ ಪಟ್ಟೆಯ ಸೊಳ್ಳೆಯೊಂದು ಮಜ್ಜಿಗೆಹುಲ್ಲಿನ ಎಸಳಿನ ಅಡಿಯಲ್ಲಿ ಹಾಯಾಗಿ ಕೂತಿತ್ತು.

ಪ್ರತಿ ಮಳೆಗಾಲಕ್ಕೂ ಕಪ್ಪು ಹಲಗೆಯ ಮೇಲೆ ಈ ಹುಳದ ಚಿತ್ರ ಬರೆದು ಮಕ್ಕಳಿಗೆ ಪಾಠ ಮಾಡಿದವನು ಅವನು. ಈ ವರ್ಷವೂ ಮನೆಯ ಸುತ್ತ ತೆಂಗಿನ ಗೆರಟೆ, ಅಡಿಕೆ ಹಾಳೆ, ಹಳೆಯ ಟಯರು ಎಲ್ಲವನ್ನೂ ಹುಡುಕಿ ಮಗುಚಿ ಹಾಕಿದ್ದ. ತಟ್ಟೆಗಳನ್ನು ಮಾತ್ರ ನೋಡಿರಲಿಲ್ಲ. ಅವು ಅವನ ಕಣ್ಣಿಗೆ ಮದ್ದಿನ ಭಾಗವಾಗಿದ್ದವು. ಮಳೆಯಿಲ್ಲದ ದಿನ ಎರಡು ಹೊತ್ತು ತಾನೇ ನೀರು ಹಾಕಿ, ಹೆಂಡತಿಯ ಕಾಲಬುಡದಲ್ಲೇ ಆ ಸೊಳ್ಳೆಮರಿಗಳನ್ನು ಸಾಕಿದ್ದ.

ತಟ್ಟೆಗಳನ್ನು ಒಂದೊಂದಾಗಿ ಮಗುಚಿದ. ಚಟ್ಟಿಗಳನ್ನು ಬೇಲಿಯಾಚೆ ಒಗೆದ. ಶೇಷಪ್ಪ ಸದ್ದು ಕೇಳಿ ಬಂದು ಎಂತ ಮಾಸ್ಟ್ರೇ ಎಂದು ಕೇಳುವಾಗ ಅವನು ಕೊನೆಯ ಚಟ್ಟಿಯನ್ನು ಎತ್ತುತ್ತಿದ್ದ.

ಆಸ್ಪತ್ರೆಯ ವರಾಂಡದಲ್ಲಿ ಶಂಕರಿಗೆ ಹೇಳಿದ. ಅವಳು, "ಅವಳಿಗೆ ಹೇಳಬೇಡಿ. ಹೇಳಿ ಇನ್ನು ಎಂತ ಆಗ್ಲಿಕ್ಕುಂಟು?" ಎಂದಳು.

ಚೈತನ್ಯಾ ಜ್ವರದಿಂದ ಎದ್ದಳು. ಆದರೆ ಎದೆಯಲ್ಲಿ ಉಳಿದಿದ್ದ ಸ್ವಲ್ಪ ಜಾಗವನ್ನೂ ಜ್ವರ ತಿಂದು ಹೋಗಿತ್ತು. ಆಮ್ಲಜನಕ ಇನ್ನಷ್ಟು ಏರಿಸಲು ಹೇಳಿ, ಮನೆಗೆ ಕರಕೊಂಡು ಹೋಗಿ ಎಂದರು ಡಾಕ್ಟರು. ಯಾಕೆ ಹಾಗೆಂದರು ಎಂಬುದು ಮೂವರಿಗೂ ಗೊತ್ತಿತ್ತು.

ಅಂಬುಲೆನ್ಸಿನಿಂದ ಇಳಿಸುವಾಗ ಅವಳು ಮಾವಿನ ಮರದ ಕಡೆ ನೋಡಿದಳು. "ಗಿಡ ಎಲ್ಲಿ?"

"ಬಾಡಿದವು," ಎಂದಳು ಶಂಕರಿ.

ಚೈತನ್ಯಾ ಗಂಡನ ಮುಖ ನೋಡಿದಳು. ಅವಳಿಗೆ ಸುಳ್ಳು ಹೇಳುವುದು ಅವನಿಗೆ ಒಗ್ಗಿರಲಿಲ್ಲ. ಹಾಸಿಗೆಯಲ್ಲಿ ಮಲಗಿಸಿ, ಕೊಳವೆ ಸರಿಮಾಡಿ, ತಟ್ಟೆಗಳಲ್ಲಿ ಕಂಡದ್ದನ್ನು ಹೇಳಿದ. ಯಂತ್ರ ಗುರುಗುಡುತ್ತಿತ್ತು.

"ಬೇರೆ ಕಡೆಯ ಸೊಳ್ಳೆಯೂ ಇರಬಹುದು," ಎಂದ ಅವನು, ತನಗೇ ನಂಬಿಕೆಯಿಲ್ಲದೆ.

"ಇರಬಹುದು," ಎಂದಳು. ಉಸಿರು ಒದಗಿಸಿಕೊಂಡು ಮತ್ತೆ, "ಇನ್ನು ಹೊರಗೆ ಬೇಡ," ಎಂದಳು.

ಮುಂದಿನ ವಾರಗಳಲ್ಲಿ ಆಕಾಶ ತಿಳಿಯಾಯಿತು. ಗದ್ದೆಯ ಗಾಳಿ ಒಳ್ಳೆಯದಾಗಿ ಬೀಸುತ್ತಿತ್ತು. ಸೊಳ್ಳೆಯೂ ಕಡಿಮೆಯಾಗಿತ್ತು. ಅವನು ಶಾಲೆಯಿಂದ ಬಂದದ್ದೇ, "ಚೈತು, ಒಂದು ಹತ್ತು ನಿಮಿಷ ಹೊರಗೆ ಕೂರುವಾ? ನಾನು ಹತ್ತಿರವೇ ಕೂತು ಬೀಸಣಿಗೆ ಬೀಸ್ತೇನೆ," ಎಂದು ಕೇಳುವನು. ಅವಳು ತಲೆ ಅಲ್ಲಾಡಿಸುವಳು. ಸೊಳ್ಳೆಗೆ ಹೆದರಿಯೋ, ಗಂಡನ ಮೇಲಿನ ಕೋಪದಿಂದಲೋ, ಅಥವಾ ಅಂಗಳದವರೆಗೆ ಹೋಗುವ ಆಸೆಯೇ ಆರಿಹೋಯಿತೋ, ಅವನು ಕೇಳಲಿಲ್ಲ. ಕೇಳಿದರೆ ಉತ್ತರಕ್ಕಾಗಿ ಅವಳ ಉಸಿರು ಖರ್ಚಾಗುತ್ತಿತ್ತು.

ಒಂದು ಸಂಜೆ ಅವನು ಕೇಳದೆಯೇ ಕೊಳವೆಯನ್ನು ಕಿಟಕಿಯಿಂದ ಹೊರಕ್ಕೆ ಹಾಕಲು ಹೊರಟ. ಅವಳು ಕಣ್ಣು ತೆರೆದು ನೋಡಿದಳು.

"ಆ ಕಿಟಕಿ ಹಾಕಿ," ಎಂದಳು. "ಬೆಳಕು ಕಣ್ಣಿಗೆ ಹೊಡೀತದೆ."

ಅವನು ಕಿಟಕಿ ಹಾಕಿ, ಚಿಲಕ ಸರಿಸಿ, ಅವಳ ಮಂಚದ ತುದಿಯಲ್ಲಿ ಕೂತ.